ರಮತುವಿನ ಗಂಡ ಜ್ವರದಿಂದ ಸಾಯಲಿಲ್ಲ

ರಾಜಧಾನಿ ನಿಯಾಮೆಯಲ್ಲಿ ಸೈನ್ಯದ ದಂಡಿನ ಗೇಟಿನೆದುರು ರಮತು ಹದಿನಾರು ವರ್ಷ ಗುಳಿ ಹೆಂಚಿಟ್ಟು ಪಡ್ಡಿನಂಥ ಸಜ್ಜೆಯ ಮಾಸಾ ಸುಟ್ಟು ಮಾರಿದವಳು. ಪಕ್ಕದಲ್ಲೇ ನನ್ನ ಚಹಾದಂಗಡಿ. ಯಾಕುಬಾ ಆ ದಂಡಿನಲ್ಲಿ ಇನ್ನೂ ಲೆಫ್ಟಿನೆಂಟ್ ಆಗಿದ್ದಾಗ ದಿನಾ ಬೆಳಿಗ್ಗೆ ಅವಳ ಬೆಂಚಿನ ಮೇಲೆ ಕೂತು, ಅಕ್ಕಾ ಅಕ್ಕಾ ಎನ್ನುತ್ತ ತಿನ್ನುತ್ತಿದ್ದ. ಆಮೇಲೆ ಕರ್ನಲ್ ಆದ.

ರಮತುವಿನ ಗಂಡ ಸೌಲೆ ಅಧ್ಯಕ್ಷರ ಅರಮನೆಯ ಕಾವಲುಗಾರ. ಯಾಕುಬಾನ ಸೈನಿಕರು ಅರಮನೆಗೆ ನುಗ್ಗಿದ ಬೆಳಿಗ್ಗೆ, ತನಗೆ ಅಪ್ಪಣೆಯಿಲ್ಲ ಎಂದು ಸೌಲೆ ಬಾಗಿಲು ತೆರೆಯಲಿಲ್ಲವಂತೆ. ಮಧ್ಯಾಹ್ನ ಯಾಕುಬಾ ಟಿವಿಯಲ್ಲಿ ಬಂದು, ದೇಶ ಉಳಿಯಿತು, ಒಂದು ಹನಿ ರಕ್ತವೂ ಚೆಲ್ಲಲಿಲ್ಲ ಎಂದ. ಸಂಜೆ ಸೌಲೆಯ ಹೆಣ ಮನೆಗೆ ಬಂತು. ತೊಳೆದವಳು ರಮತುವೇ. ಎದೆಯಲ್ಲಿ ಮೂರು ತೂತು.

ಮರಣಪತ್ರದಲ್ಲಿ ಮಲೇರಿಯಾ ಎಂದು ಬರೆದಿತ್ತು.

"ಜ್ವರ ಎದೆಗೆ ತೂತು ಹಾಕುತ್ತಾ?" ಎಂದು ಜನನ-ಮರಣ ಕಚೇರಿಯ ಗುಮಾಸ್ತನನ್ನು ಕೇಳಿದಳು.

"ಅವ್ವಾ, ನಂಗೂ ಹೆಂಡ್ತಿ ಮಕ್ಕಳಿದಾರೆ. ಸುಮ್ನೆ ತಗೊಂಡು ಹೋಗು."

ಅವಳು ತೆಗೆದುಕೊಳ್ಳಲಿಲ್ಲ. ಪ್ರತಿ ಸೋಮವಾರ ಹೋಗಿ ಅದೇ ಪ್ರಶ್ನೆ ಕೇಳಿ ಬರುತ್ತಿದ್ದಳು.

ಮರುವರ್ಷ ಯಾಕುಬಾ ಸಮವಸ್ತ್ರ ಕಳಚಿ, ಬಿಳಿ ನಿಲುವಂಗಿ ತೊಟ್ಟು, ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಂಡ. ಅದೇ ವಾರ ಹಳೆಯ ದಂಡು ನೋಡಲು ಬಂದವನು ಕ್ಯಾಮೆರಾಗಳನ್ನು ಕಟ್ಟಿಕೊಂಡು ನೇರ ಅವಳ ಬಳಿ ನಡೆದ.

"ಅಕ್ಕಾ, ನಿನ್ನ ಮಾಸಾ ರುಚಿ ಇನ್ನೂ ನಾಲಿಗೆ ಮೇಲಿದೆ. ಒಂದು ಕೊಡು."

ರಮತು ಒಲೆಗೆ ನೀರು ಸುರಿದಳು. "ನಿಂಗೆ ತಿನ್ನಿಸಿದ ಕೈಯಲ್ಲೇ ಗಂಡನ ರಕ್ತ ತೊಳ್ದಿದೀನಿ, ಯಾಕುಬಾ. ಒಂದು ಹನೀನೂ ಚೆಲ್ಲಿಲ್ಲ ಅಂದ್ಯಲ್ಲ, ನಂಗೆ ಮೂರು ಬಕೆಟ್ ನೀರು ಬೇಕಾಯ್ತು."

ಅವನ ನಗು ಅಲುಗಲಿಲ್ಲ. ಅಕ್ಕನಿಗೆ ಹುಷಾರಿಲ್ಲ, ಮನೆಗೆ ಬಿಟ್ಟು ಬನ್ನಿ ಎಂದು ಸಿಪಾಯಿಗಳಿಗೆ ಹೇಳಿದ. ಅವರು ಬಿಟ್ಟದ್ದು ಮನೆಗಲ್ಲ, ಲಾಕಪ್ಪಿಗೆ, ಹತ್ತೊಂಬತ್ತು ದಿನ. ಹೆಂಚನ್ನು ಬೂಟಿನಲ್ಲಿ ಒಡೆದವರು ಅವಳ ಕೈಯಡುಗೆ ಉಂಡು ಬೆಳೆದ ಸಿಪಾಯಿಗಳೇ. ನಾನು ಕೆಟಲು ಹಿಡಿದು ನಿಂತೇ ಇದ್ದೆ. ಅವರ ಮೇಲಿರುವಷ್ಟೇ ಸಿಟ್ಟು ನನ್ನ ಮೇಲೂ ನನಗಿದೆ.

ಬಿಡುಗಡೆಯಾದ ಮೊದಲ ಸೋಮವಾರವೇ ಅವಳು ಕಚೇರಿಗೆ ಹೊರಟಳು. ಈ ಸಲ ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಸುದ್ದಿ ಕೇಳಿ ಇನ್ನೂ ಏಳು ಹೆಂಗಸರು ಬಂದಿದ್ದರು. ಅವರ ಗಂಡಂದಿರೂ ಅದೇ ಬೆಳಿಗ್ಗೆ, ಅದೇ ಜ್ವರಕ್ಕೆ ಸತ್ತಿದ್ದರಂತೆ. ನಮ್ಮನ್ನು ನೋಡಿ ಗುಮಾಸ್ತ ಕಿಟಕಿ ಮುಚ್ಚಿದ. ರಮತು ಮೆಟ್ಟಿಲ ಮೇಲೆ ಕೂತಳು. ನಾವೂ ಕೂತೆವು.