ಅವ್ವನ ಒಂದು ಚೊಂಬು ನೀರು

ಸರ್ಕಾರದ ಕೆಲಸ ದೇವರ ಕೆಲಸ ಎನ್ನುತ್ತಾರೆ. ನಮ್ಮ ಮನೆಯಲ್ಲಂತೂ ದೇವರೇ ಸರ್ಕಾರದ ಕೆಲಸಕ್ಕಾಗಿ ಕಾಯುತ್ತ ಕುಳಿತಿದ್ದ.

ಬೀದರಿನಿಂದ ಸಂಭಾಜಿನಗರಕ್ಕೆ ನನ್ನ ಜೊತೆ ಇರಲು ಬಂದ ಅವ್ವನದು ಒಂದೇ ಪಟ್ಟು. ಲಿಂಗಪೂಜೆಗೆ ಅಂದೇ ತಂದ ನೀರಾಗಬೇಕು. ಪೂಜೆಯಾಗದೆ ಬಾಯಿಗೆ ತುತ್ತಿಲ್ಲ. ನಮ್ಮ ನಲ್ಲಿಯಲ್ಲಿ ನೀರು ಬರುವುದೇ ಎಷ್ಟೋ ದಿನಕ್ಕೊಮ್ಮೆ. "ಟಾಕಿಯೊಳಗಿನ ಬಾಸಿ ನೀರು ಲಿಂಗಕ್ಕ ನಡೆಂಗಿಲ್ಲಪ್ಪ" ಎಂದುಬಿಟ್ಟಳು. ಓಣಿಯ ತುದಿಯಲ್ಲಿದ್ದ ಪಾಲಿಕೆಯ ಕೈಪಂಪೇ ಅವಳಿಗೆ ಗಂಗೆ. ದಿನಾ ಬೆಳಿಗ್ಗೆ ಅಲ್ಲಿಂದ ಒಂದು ಚೊಂಬು ತರುತ್ತಿದ್ದಳು.

ಒಂದು ದಿನ ಪಂಪಿನ ಹಿಡಿಕೆಯೇ ಮಾಯ. ಮೊಬೈಲಿನಲ್ಲಿ ದೂರು ಕೊಟ್ಟೆ. ವಾರ್ಡ್ ಕಚೇರಿಗೂ ಹೋದೆ. ಗುಮಾಸ್ತ ತಲೆಯೆತ್ತದೆ ಮರಾಠಿಯಲ್ಲಿ "ಹೋವೂನ್ ಜಾಯಿಲ್" ಎಂದ. ಆಗಿಹೋಗುತ್ತದಂತೆ! ಅವನಿಗೇನು, ಚೊಂಬು ಹಿಡಿದು ಸ್ಕೂಟರಿನಲ್ಲಿ ಅಲೆಯುವವನು ನಾನು. ಪರಿಚಯದ ಹೋಟೆಲಿನವರು ಬೋರ್‌ವೆಲ್ ಮೋಟಾರು ಹಾಕಿದ ಮೇಲೆ ನೀರು ತರುವಷ್ಟರಲ್ಲಿ ಹತ್ತು ಗಂಟೆ. ಸಕ್ಕರೆ ಕಾಯಿಲೆಯ ಅವ್ವ ಅಲ್ಲಿಯವರೆಗೂ ಉಪವಾಸ.

ಒಮ್ಮೆ ನಾನು ನೀರು ತಂದಾಗ ಅವಳು ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಗೋಡೆಗೆ ವಾಲಿದ್ದಳು. ಮೈಯೆಲ್ಲ ಬೆವರು. ಬಾಯಿಗೆ ಸಕ್ಕರೆ ಹಾಕಲು ಹೋದರೆ ತುಟಿ ಬಿಗಿಹಿಡಿದು, "ಮೊದಲ ಪೂಜಿ" ಎಂದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮತ್ತೆ ಕಚೇರಿಗೆ ಹೋಗಿ ಕೂಗಾಡಿದೆ. ಮೂರನೆಯ ಬೆಳಿಗ್ಗೆ ಇಬ್ಬರು ಬಂದು ಹಿಡಿಕೆ ಜೋಡಿಸಿದರು. ದೂರು ಮುಗಿಸಲು ಫೋಟೊ ಬೇಕೆಂದು ಅವ್ವನನ್ನೇ ಪಂಪಿನ ಮುಂದೆ ನಿಲ್ಲಿಸಿದರು. ಚೊಂಬು ತುಂಬಿತು.

"ಸುಮ್ಮ ಬೈತಿದ್ದಿ ನೋಡು. ಪುಣ್ಯಾತ್ಮರು ಮಾಡಿಕೊಟ್ರು" ಎಂದು ನನ್ನನ್ನೇ ಗದರಿ, ಅವರನ್ನು ಹರಸಿ ಮನೆಗೆ ನಡೆದಳು.

ಅವಳು ಮರೆಯಾದದ್ದೇ ತಡ, ಅವರು ಹಿಡಿಕೆ ಬಿಚ್ಚತೊಡಗಿದರು. ಪಕ್ಕದ ಓಣಿಯಿಂದಲೂ ಇಂಥದೇ ದೂರು ಬಂದಿದೆ, ಇರುವುದು ಒಂದೇ ಹಿಡಿಕೆ ಎಂದರು. ನಾನು ಅದನ್ನು ಹಿಡಿದು ಜಗ್ಗಾಡಿದೆ, ಬಾಯಿಗೆ ಬಂದಂತೆ ಬೈದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಹಿಡಿಕೆಯನ್ನು ಬೈಕಿಗೆ ಕಟ್ಟಿಕೊಂಡು ಹೊರಟೇಹೋದರು. ಅಷ್ಟರಲ್ಲಿ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರು ನಿವಾರಣೆಯಾಗಿದೆ.

ಮನೆಗೆ ಬಂದಾಗ ಅವ್ವ ಪೂಜೆ ಮುಗಿಸಿ ರೊಟ್ಟಿ ತಿನ್ನುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು. "ನಾಳಿಂದ ನೀ ಓಡಾಡಬ್ಯಾಡ, ನಾನ ಹೋಗಿ ತರ್ತೀನಿ" ಎಂದು ಚೊಂಬು ಬೆಳಗಿ ಬಾಗಿಲ ಬಳಿ ಇಟ್ಟಳು.