ಹಾರಿಸಬೇಕಾದ ಪುಟ
ನಮ್ಮ ಗಿಪ್ಸ್‌ಲ್ಯಾಂಡ್ ಕಣಿವೆಯ ಪ್ರೌಢಶಾಲೆಯ ಗ್ರಂಥಪಾಲಕಿ ಮೊರೀನ್ ಪಾಸ್ಕೋ ಅವರು ಹದಿಹರೆಯದವರಿಗೆ ಕಾದಂಬರಿ ಕೊಡುವುದು ವಿಷವನ್ನೇ ಔಷಧವಾಗಿ ಅಳೆದುಕೊಡುವ ವೈದ್ಯನ ಅಂಜಿಕೆಯಿಂದ. ನಾಡಿ ಹಿಡಿದವರಂತೆ ಮೊದಲು ಕೇಳುವುದು ಒಂದೇ ಪ್ರಶ್ನೆ: "ಅರ್ಧಕ್ಕೇ ಬಿಟ್ಟ ಪುಸ್ತಕ ಯಾವುದಪ್ಪಾ?" ಫುಟ್‌ಬಾಲಿನ ಹೊರತು ಏನೂ ಬೇಡದ ಲಾಕ್ಲನ್‌ಗೆ ಚಿಕ್ಕ ಅಧ್ಯಾಯಗಳ ಪತ್ತೇದಾರಿ, ಅಳುವುದಕ್ಕೆಂದೇ ಓದುವ ಅವಳಿ ಸೋದರಿಯರಿಗೆ ಪ್ರೇಮಕಥೆ, ದೆವ್ವ ಬೇಕು, ಆದರೆ ನಿದ್ದೆ ಕೆಡಬಾರದು ಎನ್ನುವವನಿಗೆ ಒಂದು ಸಾಧು ದೆವ್ವ. ಕೊಟ್ಟ ಮೇಲೂ ನೆಮ್ಮದಿಯಿಲ್ಲ; ಊಟದ ಬಿಡುವಿನಲ್ಲಿ ಹಿಂದೆಯೇ ಓಡಿಬಂದು, "ಕೊನೇಲಿ ನಾಯಿ ಸಾಯುತ್ತೆ ಕಣೋ, ಆ ಪುಟ ಹಾರಿಸಿಬಿಡು!" ಎನ್ನುವರು. "ಮಿಸ್, ಇದು ಪುಸ್ತಕಾನಾ, ಮಾತ್ರೆನಾ? ಊಟಕ್ಕೆ ಮುಂಚೆನಾ, ಆಮೇಲಾ?" ಎಂದು ಹುಡುಗರು ಕಾಡುವರು. ಕಾಳ್ಗಿಚ್ಚು ಕಣಿವೆಯನ್ನು ಸುಟ್ಟ ಬೇಸಿಗೆಯಿಂದ ಆ ಅಂಜಿಕೆ ಇಮ್ಮಡಿಸಿತು. ಹೊಗೆಯ ಸುಳಿವಿದ್ದ ಕಾದಂಬರಿಗಳನ್ನೆಲ್ಲ ಹುಡುಕಿ ತೆಗೆದು ತಮ್ಮ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ಮನೆ ಸುಟ್ಟುಹೋಗಿ ಕ್ಯಾರವಾನೆಂಬ ಗಾಲಿಮನೆಯಲ್ಲಿ ವಾಸಿಸುವ ವಿದ್ಯಾರ್ಥಿನಿ ಬ್ರೈಡಿಗೆ ಕಡಲಿನ ಕಥೆ, ಹಿಮದ ಕಥೆಗಳನ್ನೇ ಆಯ್ದಾಯ್ದು ಕೊಟ್ಟರು. ಅವಳು ಎಲ್ಲವನ್ನೂ ಅರ್ಧಕ್ಕೇ ಹಿಂದಿರುಗಿಸಿದಳು. ಇನ್ನೊಂದು ತಪ್ಪಾದರೆ ಈ ಮಗು ಓದನ್ನೇ ತೊರೆದೀತೆಂಬ ಭಯದಲ್ಲಿ ಅವರು ಚಹಾವನ್ನೂ ಮರೆತರು. ಮೊನ್ನೆ ಬ್ರೈಡಿಯೇ ಬಾಯಿಬಿಟ್ಟಳು: "ಮಿಸ್, ಈ ಪುಸ್ತಕಗಳಲ್ಲಿ ಯಾರ ಮನೇನೂ ಸುಡಲ್ಲ. ಸುಟ್ಟ ಮೇಲೆ ನಮ್ಮಂಥವರು ಏನ್ ಮಾಡ್ತಾರೆ ಅಂತ ಯಾರೂ ಬರೆದೇ ಇಲ್ವಾ?" ಪಾಸ್ಕೋ ಅವರು ಖಾನೆಯ ಬೀಗ ತೆಗೆದು ಒಂದು ಪುಸ್ತಕವನ್ನು ನೀಡಿದರು, ಯಾವ ಪುಟ ಹಾರಿಸಬೇಕೆಂದು ಮಾತ್ರ ಹೇಳಲಿಲ್ಲ.