ಶನಿವಾರದ ಮೀನು ಸಾಯಬಾರದು

"ಅತ್ತೆ, ಸತ್ತ ಮೀನು ಇವತ್ತು ಮನೆಯೊಳಗೆ ಬರ್ಬಾರ್ದು. ಮೊದಲೇ ಹೇಳ್ತೇನೆ."

ಕಳೆದ ತಿಂಗಳು ಒಂದು ಶನಿವಾರ ನಾನು ಗಾಳದ ದಾರ ಸುತ್ತಿಕೊಂಡು ಹೊರಟಾಗ ಸೊಸೆ ಶೋಭಾ ಬಾಗಿಲಲ್ಲಿ ನಿಂತು ಹೇಳಿದ ಮಾತು ಇದು. ಶನಿವಾರ ನಮ್ಮಲ್ಲಿ ಮೀನಿಲ್ಲ. ತಿನ್ನುವುದು ಹೋಗಲಿ, ತಂದು ಫ್ರೀಜರಿನಲ್ಲಿ ಇಡುವಂತೆಯೂ ಇಲ್ಲ. ಅವಳ ತವರಿನ ಕ್ರಮ.

"ಜೀವ ಇದ್ರೆ?" ಎಂದೆ.

"ಜೀವ ಇದ್ರೆ ಅದು ಅಡುಗೆ ಅಲ್ಲ, ಪ್ರಾಣಿ. ತನ್ನಿ ಬೇಕಾದ್ರೆ!"

ಅವಳು ತಮಾಷೆಗೆ ಹೇಳಿದ್ದು. ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ನನ್ನ ಸಂಗತಿ ಇಷ್ಟೇ. ಮಲ್ಪೆ ಕಡೆಯವಳು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮೀನಿನ ಬುಟ್ಟಿ ಹೊತ್ತವಳು. ಈಗ ಗಲ್ಫಿನ ರುವೈಸ್‌ನಲ್ಲಿ ಮಗ ಪ್ರಕಾಶನ ಕಂಪನಿ ಮನೆಯಲ್ಲಿದ್ದೇನೆ. ಮೊದಲು ಈ ದೇಶದಲ್ಲಿ ರಜೆ ಇದ್ದದ್ದು ಶುಕ್ರವಾರ. ಮೀನಿಗೂ ದೇವರಿಗೂ ಜಗಳವಿರಲಿಲ್ಲ. ಈಗ ರಜೆ ಶನಿವಾರ, ಭಾನುವಾರ. ನನ್ನನ್ನು ಸಮುದ್ರಕ್ಕೆ ಕರೆದೊಯ್ಯುವವನು ಪಕ್ಕದ ಮನೆಯ ಹಮೀದ್, ನಮ್ಮ ಉಳ್ಳಾಲದ ಬ್ಯಾರಿ ಹುಡುಗ. ಅವನಿಗೆ ಭಾನುವಾರ ಡ್ಯೂಟಿ. ಹಾಗಾದರೆ ಗಾಳ ಹಾಕುವುದು ಯಾವತ್ತು? ಶನಿವಾರವೇ!

(ಗಾಳ ಹಾಕಲು ಲೈಸೆನ್ಸ್ ಇದೆಯಾ ಎಂದು ಕೇಳುವವರಿಗೆ: ಇದೆ. ಫೋಟೋದಲ್ಲಿ ನಾನು ಕಳ್ಳಿಯ ಹಾಗೆ ಕಾಣುತ್ತೇನೆ, ಅಷ್ಟೇ.)

ಪ್ರಕಾಶನಿಗೆ ಇದು ಸುತಾರಾಂ ಇಷ್ಟವಿಲ್ಲ. "ಅಮ್ಮ, ಆ ಕಲ್ಲಿನ ಮೇಲೆ ಜಾರಿ ಬಿದ್ರೆ ಎಂತ ಮಾಡುದು? ಮನೆಯಲ್ಲಿ ಎಸಿ ಉಂಟು, ಟಿವಿ ಉಂಟು. ಸೇಫಾಗಿ ಕೂತ್ಕೊಳ್ಳಿಕ್ಕೆ ಆಗುದಿಲ್ವಾ ನಿಂಗೆ?"

"ಬಿದ್ರೆ ನೀರಿಗೆ ಬೀಳ್ತೇನೆ. ನಿನ್ನ ಟೈಲ್ಸ್ ಹಾಕಿದ ಬಾತ್‌ರೂಮಿಗಿಂತ ಅದು ಮೆತ್ತಗೆ," ಎಂದು ಹೇಳಿ ಹಮೀದನ ಕಾರು ಹತ್ತಿದೆ.

ಸಮುದ್ರ ತಲುಪುವಾಗ ನೀರು ಏರುತ್ತಿತ್ತು. ಜೀವಂತ ಸಿಗಡಿ ಸಿಕ್ಕಿಸಿ ಕಲ್ಲಿನ ಸಂದಿಯ ಕಡೆ ದಾರ ಬಿಟ್ಟೆ. ಹಮೀದ್ ಮೊಬೈಲ್ ನೋಡಿ, "ದೊಡ್ಡಮ್ಮ, ಇವತ್ತು ಆ್ಯಪ್‌ನಲ್ಲಿ ಮೀನು ಕಮ್ಮಿ ಅಂತ ತೋರಿಸ್ತದೆ," ಎಂದ. ಅವನ ಮಾತು ಮುಗಿಯಲಿಲ್ಲ, ದಾರ ನನ್ನ ಅಂಗೈಯನ್ನು ಕೊಯ್ದುಕೊಂಡು ಓಡಿತು.

ಸೀಬಾಸ್! ನಮ್ಮ ಊರಲ್ಲಿ ಕುರುಡಿ ಎನ್ನುತ್ತಾರಲ್ಲ, ಅದೇ. ಯಾವುದೋ ಸಾಕಣೆ ಬಲೆಯಿಂದ ತಪ್ಪಿಸಿಕೊಂಡು ಸಮುದ್ರದಲ್ಲಿ ಕೊಬ್ಬಿದ್ದಿರಬೇಕು. ಬಿಟ್ಟೆ, ಎಳೆದೆ, ಮತ್ತೆ ಬಿಟ್ಟೆ. ಎಳೆಯುವುದಕ್ಕಿಂತ ಬಿಡುವುದು ಕಷ್ಟ ಎಂದು ಮೀನು ಹಿಡಿದವರಿಗೆಲ್ಲ ಗೊತ್ತು. ಕೊನೆಗೆ ಅದು ಬೆಳ್ಳಿಯ ಹಾಗೆ ಹೊಳೆಯುತ್ತಾ ಮೇಲೆ ಬಂದಾಗ ಹಮೀದ್, "ಯಾ ಅಲ್ಲಾ! ಇದು ಮೀನಾ, ಮಗುವಾ?" ಎಂದ.

"ಕಿವಿರು ಮುಟ್ಬೇಡ, ಬ್ಲೇಡಿನ ಹಾಗೆ ಕೊಯ್ತದೆ. ಬಾಯಿಯ ಕೆಳಗೆ ಹಿಡಿ. ಐಸ್ ಬಾಕ್ಸಿನ ಐಸು ಚೆಲ್ಲು, ಸಮುದ್ರದ ನೀರು ತುಂಬು!"

"ಐಸು ಚೆಲ್ಲುದಾ? ದೊಡ್ಡಮ್ಮ, ನಿಮಗೆ ಮರ್ಲಾ?"

"ಇವತ್ತು ಶನಿವಾರ ಮಾರಾಯ!"

ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕುಳಿತು ಚೊಂಬಿನಿಂದ ನೀರು ಎತ್ತಿ ಎತ್ತಿ ಅದರ ಮೇಲೆ ಸುರಿದೆ. ಗಾಳಿ ಬೇಡವೇ ಅದಕ್ಕೆ? ಹಮೀದನ ಸೀಟು ಪೂರ್ತಿ ಒದ್ದೆ. ಪಾಪ, ಕನ್ನಡಿಯಲ್ಲಿ ನನ್ನ ಚೊಂಬನ್ನೇ ನೋಡುತ್ತಾ ಕಾರು ಓಡಿಸಿದ.

ನಮ್ಮ ಹಿತ್ತಿಲಲ್ಲಿ ಬೇವಿನ ಮರದ ಕೆಳಗೆ ಒಂದು ಸಿಮೆಂಟಿನ ಕೊಳವಿದೆ. ಮೊದಲಿದ್ದವರು ಬಾತುಕೋಳಿಗೆಂದು ಕಟ್ಟಿಸಿದ್ದಂತೆ. ಪ್ರಕಾಶ ಅದನ್ನು ಮುಚ್ಚಿಸಿ ಬಾರ್ಬೆಕ್ಯೂ ಕಟ್ಟೆ ಮಾಡಬೇಕೆಂದಿದ್ದ. ತಂದ ಸಮುದ್ರದ ನೀರಿನ ಸಮೇತ ಮೀನನ್ನು ಅದಕ್ಕೆ ಬಿಟ್ಟೆ. ಕುರುಡಿ ಅಳಿವೆಯ ಮೀನು. ಉಪ್ಪೂ ಆಗುತ್ತದೆ, ಸಿಹಿಯೂ ಆಗುತ್ತದೆ.

ಮೊಮ್ಮಗಳು, "ಅಜ್ಜಿ, ಇಟ್ಸ್ ಹ್ಯೂಜ್!" ಎಂದು ಕುಣಿದಳು. ಅವಳ ಅಪ್ಪ ಕುಣಿಯಲಿಲ್ಲ.

"ಅಮ್ಮ, ಒಂದು ಮಾತು. ನಾಳೆ ಬೆಳಿಗ್ಗೆಗೆ ಇದು ಸತ್ತಿದ್ರೆ ಗಾಳ ನನ್ನ ಕೈಗೆ ಕೊಡ್ಬೇಕು. ಸಮುದ್ರ ಬಂದ್, ಕೊಳವೂ ಬಂದ್."

"ಬದುಕಿದ್ರೆ?"

"ಬದುಕಿದ್ರೆ ನಿನ್ನಿಷ್ಟ. ನಾನು ಮತ್ತೆ ಬಾಯಿ ತೆಗೆಯುದಿಲ್ಲ."

ಕೊಳದಲ್ಲಿ ನೀರು ಸಾಲದು ಅನ್ನಿಸಿತು. ಹೋಗಿ ಪೈಪು ಬಿಟ್ಟೆ. ಇಷ್ಟು ವರ್ಷ ಮೀನಿನ ಜೊತೆ ಬದುಕಿದವಳು ಮಾಡುವ ಕೆಲಸವಾ ಅದು? ಇಲ್ಲಿಯ ಬೇಸಿಗೆಯಲ್ಲಿ ಟೆರೇಸಿನ ಟ್ಯಾಂಕಿಯ ನೀರು ಹೇಗಿರುತ್ತದೆ ಎಂದು ಗಲ್ಫಿನಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಚಾಪುಡಿ ಹಾಕಿದರೆ ಚಾ ಆಗುತ್ತದೆ! ಮಲ್ಪೆಯ ಬಾವಿನೀರು ಎಂದುಕೊಂಡು ಬಿಟ್ಟೆ. ನೋಡನೋಡುತ್ತಿದ್ದಂತೆ ಮೀನು ಬಾಯಿ ತೆರೆದು ಮಗ್ಗುಲಾಯಿತು. ಬಿಳಿ ಹೊಟ್ಟೆ ಕಾಣಿಸಿತು.

"ಖಲಾಸ್, ಅಮ್ಮ," ಎಂದ ಪ್ರಕಾಶ. ದನಿಯಲ್ಲಿ ಬೇಸರವೇನೂ ಇರಲಿಲ್ಲ.

ನಾನು ಪೈಪು ಬಿಸಾಡಿ ಕೊಳಕ್ಕೆ ಇಳಿದೆ. ಮೀನನ್ನು ನೆಟ್ಟಗೆ ಹಿಡಿದು ಬಾಯಿಯೊಳಗೆ ನೀರು ಹೋಗುವ ಹಾಗೆ ಹಿಂದೆ ಮುಂದೆ ಆಡಿಸಿದೆ. ಆದರೆ ಆ ನೀರೇ ಬಿಸಿ. ಎಷ್ಟು ಆಡಿಸಿದರೆ ಏನು?

ಆಗ ಒಳಗಿನಿಂದ ಬಕೆಟು ಹಿಡಿದು ಓಡಿ ಬಂದವಳು ಯಾರು? ಶೋಭಾ! ಶನಿವಾರದ ಶೋಭಾ!

"ಗೀಸರಿನ ನೀರು, ಅತ್ತೆ! ಸ್ವಿಚ್ ಆಫ್ ಮಾಡಿ ವಾರಗಟ್ಲೆ ಆಯ್ತು. ಒಳಗೆ ಎಸಿಯಲ್ಲಿ ಇರ್ತದಲ್ಲ, ತಣ್ಣಗುಂಟು. ಮಗಳಿಗೆ ಸ್ನಾನಕ್ಕೆ ಅದನ್ನೇ ಕೊಡುದು ನಾನು." ಮತ್ತೆ ಗಂಡನ ಕಡೆ ತಿರುಗಿ, "ನೀವೆಂತ ನೋಡ್ತಾ ನಿಂತಿದ್ದೀರಿ? ಇನ್ನೊಂದು ಬಾತ್‌ರೂಮಿನ ಗೀಸರಿನದ್ದು ತನ್ನಿ! ಸತ್ರೆ ಶನಿವಾರ ನನ್ನ ಮನೆಯಲ್ಲಿ ಸತ್ತ ಹಾಗಾಯ್ತು. ಆ ಪಾಪ ಯಾರಿಗೆ?"

ಪ್ರಕಾಶ ಬಕೆಟು ಹೊತ್ತ. ತನ್ನ ಪಂಥದ ವಿರುದ್ಧ ತಾನೇ ನೀರು ಹೊತ್ತ! ನಾನು ಬಿಸಿನೀರು ಮೊಗೆದು ಮೊಗೆದು ಬೇವಿನ ಬುಡಕ್ಕೆ ಚೆಲ್ಲಿದೆ. ತಂಪು ತಾಗಿದಾಗ ನನ್ನ ಕೈಯೊಳಗೆ ಬಾಲ ಒಂದು ಸಲ ಅದುರಿತು. ಇನ್ನೊಂದು ಸಲ ಅದುರಿತು. ಆಮೇಲೆ ಫಟ್ಟೆಂದು ನನ್ನ ಮುಖಕ್ಕೆ ನೀರು ಹೊಡೆದು ಮೂಲೆಗೆ ಹೋಯಿತು. ಅಂತಹ ಹೊಡೆತ ದಿನಾ ತಿನ್ನಲು ನಾನು ತಯಾರು.

ಭಾನುವಾರ ಬೆಳಿಗ್ಗೆ ಎಲ್ಲರೂ ಕೊಳದ ಸುತ್ತ ನಿಂತೆವು. ಉಳಿದಿದ್ದ ಒಂದು ಸಿಗಡಿ ಎಸೆದೆ. ‘ಡಬ್’ ಎಂದು ಸದ್ದು, ಸಿಗಡಿ ಮಾಯ. ಪ್ರಕಾಶ ಒಳಗೆ ಹೋಗಿ, ನನ್ನ ಗಾಳದ ದಾರವನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದ. ನನಗೆ ಕೈಗೆಟಕುವಷ್ಟು ಎತ್ತರಕ್ಕೆ.

ಅದನ್ನು ಇನ್ನೂ ಸಾಕುತ್ತಿದ್ದೇನೆ ಎಂದುಕೊಂಡಿರಾ? ಮುಂದಿನ ಭಾನುವಾರ ಕೊಯ್ದು, ಹುಳಿಮೆಣಸು ಅರೆದು ಸಾರು ಮಾಡಿದೆವು. ಹಮೀದನ ಮನೆಗೆ ದೊಡ್ಡ ಪಾತ್ರೆಯಲ್ಲಿ ಹೋಯಿತು, ಸೀಟಿನ ಬಾಬ್ತು. ತುಂಡುಗಳಲ್ಲಿ ಒಂದನ್ನೂ ಫ್ರೀಜರಿಗೆ ಹಾಕಲು ನಾನು ಬಿಡಲಿಲ್ಲ. ಈಗ ಕೊಳದಲ್ಲಿ ಅದಕ್ಕಿಂತ ದೊಡ್ಡವು ಎರಡಿವೆ. ಮೇಲೆ ಪ್ರಕಾಶನೇ ಕಟ್ಟಿದ ನೆರಳಿನ ಬಲೆ. ಬೆಳಿಗ್ಗೆ ಎದ್ದು ಅವನು ಮೊದಲು ನೋಡುವುದು ಮೊಬೈಲನ್ನಲ್ಲ, ಕೊಳವನ್ನು.

ಆದರೂ ಮೊನ್ನೆ ನಾನು ಹೊರಟಾಗ ಅವನ ಹಳೆಯ ಮಾತು ಬಾಯಿತುದಿಗೆ ಬಂತು. "ಅಮ್ಮ, ಮನೆಯಲ್ಲೇ ಎಸಿಯಲ್ಲಿ ಇದ್ರೆ ಸೇಫ್..." ಎಂದವನು ಅಲ್ಲಿಗೇ ನುಂಗಿಕೊಂಡ.

ನಾನು ಚಪ್ಪಲಿ ಮೆಟ್ಟಿಕೊಂಡು ಕೇಳಿದೆ: "ಫ್ರೀಜರಿನಲ್ಲಿರುವ ಮೀನೂ ಸೇಫೇ ಅಲ್ವಾ, ಮಗಾ?"